ಅಟ್ಟ, ಹಗೇವು, ಜಾಡಿ: ಜಠರದ ಕ್ಯಾನ್ಸರ್ ಮತ್ತು ನಮ್ಮ ಮನೆಯ ದಾಸ್ತಾನು



ಇವತ್ತಿನ ಮಾತು ಜಠರದ ಕ್ಯಾನ್ಸರ್ ಕುರಿತು. ನಾವು ನುಂಗಿದ ತುತ್ತು ಅನ್ನನಾಳ ದಾಟಿ ಮೊದಲು ಹೋಗಿ ಸೇರುವ ಚೀಲವೇ ಜಠರ. ಎದೆಗೂಡಿನ ಕೆಳಗೆ, ಸ್ವಲ್ಪ ಎಡಕ್ಕೆ ಇರುತ್ತದೆ. ಆ ಚೀಲದ ಒಳಪದರದಲ್ಲಿ ಹುಟ್ಟುವ ಕ್ಯಾನ್ಸರಿಗೂ, ನಾವು ಆಹಾರವನ್ನು ಕೂಡಿಡುವ ರೀತಿಗೂ ಸಂಬಂಧ ಇದೆ.

ನಮ್ಮ ಹಾಸನ ಜಿಲ್ಲೆಯಲ್ಲಿ ಕೂಡಿಡದ ಮನೆಯೇ ಇಲ್ಲ. ಅರಸೀಕೆರೆ ಬಯಲುಸೀಮೆ. ಅಲ್ಲಿ ಅಟ್ಟದ ಮೇಲೆ ತೆಂಗಿನಕಾಯಿ ಕೊಬ್ಬರಿಯಾಗುತ್ತಾ ಕೂತಿರುತ್ತದೆ. ಹಳೇಬೀಡು, ಜಾವಗಲ್ ಕಡೆಯ ಹಿರಿಯರನ್ನು ಮಾತಾಡಿಸಿ. ನೆಲದೊಳಗೆ ರಾಗಿ ತುಂಬಿಡುತ್ತಿದ್ದ ಹಗೇವಿನ ಮಾತು ಬರುತ್ತದೆ. ಬೇಲೂರಿನಿಂದ ಪಶ್ಚಿಮಕ್ಕೆ ಹೋದರೆ ಮಲೆನಾಡು ಶುರುವಾಗುತ್ತದೆ. ಅಲ್ಲಿ ಮಳೆಗಾಲಕ್ಕೆಂದು ಉಪ್ಪಿನಲ್ಲಿ ಹಾಕಿಟ್ಟ ಮಿಡಿಮಾವಿನ ಜಾಡಿ ಇರುತ್ತದೆ. ಅಟ್ಟ, ಹಗೇವು, ಜಾಡಿ. ಈ ಮೂರೂ ಒಂದೇ ಜಿಲ್ಲೆಯ ದಾಸ್ತಾನು. ಆದರೆ ಜಠರಕ್ಕೆ ಈ ಮೂರೂ ಒಂದೇ ಅಲ್ಲ. ಅದನ್ನು ಬಿಡಿಸಿ ಹೇಳುವುದೇ ಇವತ್ತಿನ ಉದ್ದೇಶ.

ಮೊದಲು ಕಾಯಿಲೆಯ ಗಾತ್ರ ತಿಳಿಯೋಣ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಜನರಿಗೆ ಜಠರದ ಕ್ಯಾನ್ಸರ್ ಹೊಸದಾಗಿ ಬರುತ್ತದೆ. ಭಾರತದಲ್ಲಿ ಈ ಸಂಖ್ಯೆ ಸುಮಾರು 60 ಸಾವಿರ. ಉತ್ತರ ಭಾರತಕ್ಕಿಂತ ದಕ್ಷಿಣ ಭಾರತದಲ್ಲಿ ಹೆಚ್ಚು. ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ 1982ರಿಂದ ಆ ನಗರದ ಕ್ಯಾನ್ಸರ್ ರೋಗಿಗಳ ಲೆಕ್ಕ ಇಡುತ್ತಾ ಬಂದಿದೆ. ಗಂಡಸರನ್ನು ಕಾಡುವ ಮುಖ್ಯ ಕ್ಯಾನ್ಸರುಗಳ ಸಾಲಿನಲ್ಲಿ ಜಠರದ ಕ್ಯಾನ್ಸರೂ ಇದೆ ಎಂದು ಆ ಲೆಕ್ಕ ಹೇಳುತ್ತದೆ. ಹಾಗಾಗಿ ಇದು ದೂರದೂರಿನ ಕಾಯಿಲೆ ಎಂದು ಕೈಬಿಡುವ ಹಾಗಿಲ್ಲ.

ಇದು ಹೇಗೆ ಶುರುವಾಗುತ್ತದೆ? ಒಂದು ತುತ್ತಿನಿಂದ, ಒಂದು ಹಬ್ಬದೂಟದಿಂದ ಯಾರಿಗೂ ಕ್ಯಾನ್ಸರ್ ಬರುವುದಿಲ್ಲ. ಇದು ಹತ್ತಾರು ವರ್ಷಗಳ ಕೆಲಸ. ಜಠರದ ಒಳಗೆ ಆಮ್ಲ ಇದೆ. ಆ ಆಮ್ಲ ಜಠರವನ್ನೇ ಸುಡಬಾರದೆಂದು ಒಳಗೋಡೆಯ ಮೇಲೆ ಲೋಳೆಯ ಪದರ ಇದೆ. ಮಣ್ಣಿನ ಗೋಡೆಯನ್ನು ಸಾರಣೆ ಕಾಯುವ ಹಾಗೆ ಈ ಲೋಳೆ ಜಠರವನ್ನು ಕಾಯುತ್ತದೆ. ಲೋಳೆ ಕಿತ್ತುಹೋದಲ್ಲಿ ಉರಿಯೂತ ಶುರುವಾಗುತ್ತದೆ. ಉರಿಯೂತ ವರ್ಷಗಟ್ಟಲೆ ನಿಂತರೆ ಒಳಪದರ ತೆಳುವಾಗುತ್ತದೆ. ಅಲ್ಲಿನ ಜೀವಕೋಶಗಳು ತಮ್ಮ ಗುಣ ಬದಲಿಸಿಕೊಳ್ಳುತ್ತವೆ. ಕಡೆಗೆ ಕೆಲವರಲ್ಲಿ ಅದು ಕ್ಯಾನ್ಸರಿಗೆ ತಿರುಗುತ್ತದೆ.

ಈ ಉರಿಯೂತಕ್ಕೆ ದೊಡ್ಡ ಕಾರಣ ಒಂದು ರೋಗಾಣು. ಅದರ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಸುಲಭಕ್ಕೆ ಎಚ್ ಪೈಲೋರಿ ಎನ್ನೋಣ. ಆಸ್ಟ್ರೇಲಿಯಾದ ಪರ್ತ್ ನಗರದ ಇಬ್ಬರು ವೈದ್ಯರು, ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್, 1982ರಲ್ಲಿ ಇದನ್ನು ಬೇರ್ಪಡಿಸಿ ಬೆಳೆಸಿದರು. ಜಠರದ ಆಮ್ಲದಲ್ಲಿ ಯಾವ ರೋಗಾಣುವೂ ಬದುಕಲಾರದು ಎಂದೇ ಆಗ ಎಲ್ಲರೂ ನಂಬಿದ್ದರು. ಇವರ ಮಾತನ್ನು ಯಾರೂ ಒಪ್ಪಲಿಲ್ಲ. ಮಾರ್ಷಲ್ ಆ ರೋಗಾಣು ಬೆಳೆಸಿದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ಅವರ ಜಠರದಲ್ಲಿ ಉರಿಯೂತ ಎದ್ದಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಅದಕ್ಕೂ ಮೊದಲೇ, 1994ರಲ್ಲಿ, ಈ ರೋಗಾಣು ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಾರಿತ್ತು.

ಹೆದರಬೇಡಿ. ನಮ್ಮ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಹೊಟ್ಟೆಯಲ್ಲಿ ಈ ರೋಗಾಣು ಇದೆ. ಅವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಬರುವುದೇ ಇಲ್ಲ. ನೂರಕ್ಕೆ ಒಬ್ಬರಿಗೋ, ಇಬ್ಬರಿಗೋ, ಮೂವರಿಗೋ ಬರಬಹುದು. ಹಾಗಾದರೆ ಆ ಒಬ್ಬಿಬ್ಬರಿಗೆ ಮಾತ್ರ ಯಾಕೆ? ಮೈಯ ಗುಣ ಒಂದು ಕಾರಣ. ರೋಗಾಣುವಿನ ತಳಿ ಇನ್ನೊಂದು. ತಂಬಾಕು ಮತ್ತೊಂದು. ಊಟ ನಾಲ್ಕನೆಯದು. ಈ ಊಟದ ಕಾರಣ ನಮ್ಮ ಕೈಯಲ್ಲಿದೆ.

ಇಲ್ಲಿಯವರೆಗೆ ಹೇಳಿದ್ದನ್ನು ಒಮ್ಮೆ ನೆನೆಯೋಣ. ಜಠರದ ಒಳಗೋಡೆಗೆ ಲೋಳೆಯ ರಕ್ಷಣೆ ಇದೆ. ಎಚ್ ಪೈಲೋರಿ ಅಲ್ಲಿ ಉರಿಯೂತ ಎಬ್ಬಿಸುತ್ತದೆ. ಆ ಉರಿಯೂತ ಮುಂದೆ ಎಲ್ಲಿಗೆ ಮುಟ್ಟುತ್ತದೆ ಎನ್ನುವುದರಲ್ಲಿ ಊಟದ ಪಾತ್ರವೂ ಇದೆ. ಈಗ ಜಾಡಿಯ ಬಳಿಗೆ ಹೋಗೋಣ.

ಬೇಲೂರಿನ ಮಲೆನಾಡಿನ ಕಡೆ ಮಳೆ ಹಿಡಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಬಟ್ಟೆ ಒಣಗುವುದಿಲ್ಲ, ಹಪ್ಪಳ ಒಣಗುವುದಿಲ್ಲ. ಅದಕ್ಕೇ ಬೇಸಿಗೆಯಲ್ಲೇ ಮಿಡಿಮಾವು ತಂದು, ತೊಟ್ಟು ಬಿಡದ ಹಾಗೆ ಆರಿಸಿ, ಜಾಡಿಗೆ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು ಹಾಕುತ್ತಾರೆ. ಮಿಡಿಯ ಕಾಲು ಭಾಗದಷ್ಟು ಉಪ್ಪು ಹಾಕುವ ಮನೆಗಳೂ ಇವೆ. ಕೆಲವು ದಿನಕ್ಕೆ ಮಿಡಿ ನೀರು ಬಿಟ್ಟು ಸುಕ್ಕಾಗುತ್ತದೆ. ಆ ಉಪ್ಪುನೀರನ್ನೇ ಕುದಿಸಿ, ಆರಿಸಿ, ಮಸಾಲೆ ಅರೆಯುತ್ತಾರೆ. ಇದರ ಜೊತೆಗೆ ಬಾಳಕದ ಮೆಣಸಿನಕಾಯಿ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ. ಮಳೆಗಾಲ ಕಳೆಯಲು ಉಪ್ಪೇ ಆಧಾರ.

ಉಪ್ಪು ಹೆಚ್ಚಾದರೆ ಜಠರದೊಳಗೆ ಏನಾಗುತ್ತದೆ? ಕಟುವಾದ ಉಪ್ಪು ಲೋಳೆಯ ಪದರವನ್ನು ಕೆಡಿಸುತ್ತದೆ. ಕೆಳಗಿನ ಜೀವಕೋಶಗಳಿಗೆ ಪೆಟ್ಟು ಬೀಳುತ್ತದೆ. ಎಚ್ ಪೈಲೋರಿಗೆ ನೆಲೆಯೂರಲು ಅನುಕೂಲ ಆಗುತ್ತದೆ. ಊಟದಲ್ಲಿ ಬಂದ ಬೇರೆ ವಿಷಗಳಿಗೂ ದಾರಿ ಸಿಗುತ್ತದೆ. ರೋಗಾಣು ಮತ್ತು ಉಪ್ಪು ಎರಡೂ ಕೈ ಸೇರಿಸಿದಾಗ ಅಪಾಯ ಹೆಚ್ಚು.

ಇದಕ್ಕೆ ಜಪಾನ್ ಸಾಕ್ಷಿ. ಆ ದೇಶದ ಉತ್ತರದಲ್ಲಿ ಅಕಿತಾ ಎಂಬ ಪ್ರಾಂತ ಇದೆ. ಅಲ್ಲಿ ಚಳಿಗಾಲ ದೀರ್ಘ, ಹಿಮ ವಿಪರೀತ. ತರಕಾರಿಯನ್ನೂ ಮೀನನ್ನೂ ಉಪ್ಪಿನಲ್ಲಿ ಹಾಕಿಟ್ಟು ತಿನ್ನುವುದು ಅಲ್ಲಿನವರ ಹಳೆಯ ರೂಢಿ. ಜಪಾನಿನಲ್ಲಿ ಜಠರದ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಅತಿ ಹೆಚ್ಚಿರುವ ಪ್ರಾಂತಗಳಲ್ಲಿ ಅಕಿತಾ ಒಂದು. ಜಪಾನಿನಿಂದ ಹವಾಯಿ ದ್ವೀಪಗಳಿಗೆ ವಲಸೆ ಹೋದವರ ಕಥೆಯನ್ನೂ ಕೇಳಿ. ವಲಸೆ ಹೋದವರಲ್ಲಿ ಈ ಕಾಯಿಲೆ ಇದ್ದೇ ಇತ್ತು. ಅಲ್ಲೇ ಹುಟ್ಟಿ ಬೆಳೆದ ಅವರ ಮಕ್ಕಳಲ್ಲಿ ಕಡಿಮೆಯಾಯಿತು. ರಕ್ತ ಅದೇ, ವಂಶ ಅದೇ. ಬದಲಾದದ್ದು ಬದುಕುವ ರೀತಿ, ಊಟದ ರೀತಿ.

ನಮಗೆ ದಿನಕ್ಕೆ ಎಷ್ಟು ಉಪ್ಪು ಸಾಕು? ದೊಡ್ಡವರಿಗೆ 5 ಗ್ರಾಂ ಒಳಗೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಟ್ಟಸವಾದ ಒಂದು ಚಹಾ ಚಮಚದಷ್ಟು. ಭಾರತೀಯರು ತಿನ್ನುತ್ತಿರುವುದು ಸರಾಸರಿ 8ರಿಂದ 10 ಗ್ರಾಂ. ಒಂದು ದೊಡ್ಡ ಚಮಚ ಉಪ್ಪಿನಕಾಯಿ ಬಡಿಸಿಕೊಂಡರೆ ಅದರಲ್ಲೇ ಸುಮಾರು ಒಂದೂವರೆ ಗ್ರಾಂ ಉಪ್ಪು ಹೋಗುತ್ತದೆ. ಮೇಲೆ ಹಪ್ಪಳ, ಮೇಲೆ ಮಜ್ಜಿಗೆಗೆ ಉಪ್ಪು. ಲೆಕ್ಕ ಹಾಕಿ ನೋಡಿ.

ಜಾಡಿಯನ್ನು ಒಡೆದು ಹಾಕಿ ಎಂದು ನಾನು ಹೇಳುತ್ತಿಲ್ಲ. ಮಿಡಿ ಉಪ್ಪಿನಕಾಯಿ ನಮ್ಮ ಊಟದ ಸೊಗಸು. ನಾಲಿಗೆಗೆ ಹಚ್ಚಿಕೊಳ್ಳುವಷ್ಟು ಇರಲಿ. ಮೂರು ಹೊತ್ತೂ ಸಾರು, ಪಲ್ಯದ ಜಾಗಕ್ಕೆ ಉಪ್ಪಿನಕಾಯಿ ಬರುವುದು ಬೇಡ. ಕೂಲಿಗೆ ಹೋಗುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಬುತ್ತಿಯ ಕಷ್ಟ ಗೊತ್ತು. ಅನ್ನ, ಉಪ್ಪಿನಕಾಯಿ ಕಟ್ಟಿಕೊಂಡು ಹೊರಡುವುದು ಸುಲಭ. ಅದರ ಜೊತೆಗೆ ಒಂದು ಹಿಡಿ ಕಾಳಿನ ಪಲ್ಯವೋ, ಒಂದು ಸೌತೆಕಾಯಿಯೋ, ಒಂದು ಸೀಬೆಹಣ್ಣೋ ಸೇರಲಿ.

ಖಾರದ ಬಗ್ಗೆಯೂ ಕೇಳುತ್ತೀರಿ. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅತಿ ಖಾರ ಮತ್ತು ಸುಡುಸುಡು ಊಟದ ಅಭ್ಯಾಸ ಇದ್ದವರಲ್ಲಿ ಅಪಾಯ ಹೆಚ್ಚು ಕಂಡಿತು. ಹಾಗಾಗಿ ಖಾರವೂ ಹದವಾಗಿರಲಿ, ಊಟ ಸ್ವಲ್ಪ ಆರಲಿ. ಆದರೆ ದೇಶದೇಶಗಳ ಪುರಾವೆ ಒಟ್ಟುಗೂಡಿಸಿದರೆ ಖಾರಕ್ಕಿಂತ ಉಪ್ಪಿನ ಮೇಲಿನ ಆರೋಪವೇ ಗಟ್ಟಿ.

ಜಾಡಿಯ ಮಾತು ಮುಗಿಯಿತು. ಉಪ್ಪು ಲೋಳೆಯನ್ನು ಕೆಡಿಸುತ್ತದೆ, ಉಪ್ಪಿನಕಾಯಿ ನಂಜಿಕೊಳ್ಳುವಷ್ಟೇ ಇರಲಿ. ಇದು ಮೊದಲ ಸೂತ್ರ. ಈಗ ಹೊಗೆ ಮತ್ತು ಹಳಸಲು.

ಕರಾವಳಿಯಿಂದ ಘಟ್ಟ ಹತ್ತಿ ಬರುವ ಒಣಮೀನು ನಮ್ಮ ಸಂತೆಗಳಲ್ಲಿ ಸಿಗುತ್ತದೆ. ಮಲೆನಾಡಿನ ಕೆಲವು ಮನೆಗಳಲ್ಲಿ ಮಾಂಸವನ್ನು ಒಲೆಯ ಮೇಲೆ ತೂಗುಹಾಕಿ ಹೊಗೆಯಲ್ಲಿ ಒಣಗಿಸುವುದೂ ಉಂಟು. ಉಪ್ಪು ಮತ್ತು ಹೊಗೆ ಎರಡೂ ಸೇರಿದ ಆಹಾರ ಇದು. ಹೊಗೆಯಲ್ಲಿ ಕ್ಯಾನ್ಸರ್ ತರುವ ರಾಸಾಯನಿಕಗಳಿವೆ. ಹೀಗೆ ಕೂಡಿಟ್ಟ ಮೀನು, ಮಾಂಸದಲ್ಲಿ ನೈಟ್ರೋಸಮೀನ್ ಎಂಬ ವಸ್ತುಗಳೂ ಹುಟ್ಟಬಲ್ಲವು. ಅವೂ ಕ್ಯಾನ್ಸರ್‌ಕಾರಕ. ಭಾರತದಲ್ಲಿ ಜಠರದ ಕ್ಯಾನ್ಸರ್ ಅತಿ ಹೆಚ್ಚು ಇರುವುದು ಮಿಜೋರಾಂನಲ್ಲಿ. ಹೊಗೆಯಾಡಿಸಿದ ಮಾಂಸ, ಮೀನು ಅಲ್ಲಿನ ನಿತ್ಯದ ಊಟ. ತಂಬಾಕಿನ ಹೊಗೆಯನ್ನು ನೀರಿನಲ್ಲಿ ಹಾಯಿಸಿ ಆ ನೀರನ್ನು ಬಾಯಲ್ಲಿ ಇಟ್ಟುಕೊಳ್ಳುವ ಚಟವೂ ಅಲ್ಲಿದೆ. ಊಟ, ತಂಬಾಕು ಎರಡೂ ಸೇರಿ ಅಲ್ಲಿ ಈ ಹೊರೆ ತಂದಿವೆ.

ಒಣಮೀನು ಅಪರೂಪಕ್ಕೆ ತಿನ್ನುವವರು ಒಂದು ಕೆಲಸ ಮಾಡಿ. ಬಿಸಿನೀರಿನಲ್ಲಿ ನೆನೆಹಾಕಿ, ಎರಡು ಮೂರು ಸಲ ತೊಳೆದು ನೀರು ಚೆಲ್ಲಿ. ಉಪ್ಪು ಎಷ್ಟೋ ಇಳಿಯುತ್ತದೆ. ಆಮೇಲೆ ಸಾರಿಗೆ ಬೇರೆ ಉಪ್ಪು ಹಾಕುವ ಮುಂಚೆ ರುಚಿ ನೋಡಿ.

ಹಳಸಲಿನ ಮಾತು ಸೊಪ್ಪಿಗೂ ಅನ್ವಯಿಸುತ್ತದೆ. ಸೊಪ್ಪಿನಲ್ಲಿ ಸಹಜವಾಗಿಯೇ ನೈಟ್ರೇಟ್ ಇರುತ್ತದೆ. ತಾಜಾ ಸೊಪ್ಪಿನಲ್ಲಿ ಅದರಿಂದ ಕೇಡಿಲ್ಲ. ಬೇಯಿಸಿದ ಸೊಪ್ಪನ್ನು ಒಂದೆರಡು ದಿನ ಹೊರಗಡೆಯೇ ಇಟ್ಟರೆ ಬ್ಯಾಕ್ಟೀರಿಯಾಗಳು ಆ ನೈಟ್ರೇಟನ್ನು ನೈಟ್ರೈಟ್ ಮಾಡುತ್ತವೆ. ಅದು ಹೊಟ್ಟೆಯಲ್ಲಿ ನೈಟ್ರೋಸಮೀನ್ ಆಗಬಲ್ಲದು. ಮತ್ತೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ನೈಟ್ರೈಟ್ ಹೋಗುವುದಿಲ್ಲ. ಬಸ್ಸಾರು ಮಾರನೆ ದಿನವೇ ರುಚಿ ಎನ್ನುತ್ತೇವೆ. ನಿಜ. ಹಾಗಾದರೆ ಆರಿದ ಕೂಡಲೇ ಮುಚ್ಚಿ ಫ್ರಿಜ್ಜಿನಲ್ಲಿಡಿ, ಮಾರನೆ ದಿನವೇ ಮುಗಿಸಿ. ಫ್ರಿಜ್ ಇಲ್ಲದ ಮನೆಯಲ್ಲಿ ಪಲ್ಯ ಹೊತ್ತಿಗೆ ಎಷ್ಟು ಬೇಕೋ ಅಷ್ಟೇ ಆಗಲಿ.

ಉಪ್ಪು ಆಯಿತು, ಹೊಗೆ ಆಯಿತು, ಹಳಸಲೂ ಆಯಿತು. ಇನ್ನು ಅರಸೀಕೆರೆಯ ಅಟ್ಟ ಹತ್ತೋಣ. ಅಲ್ಲಿನ ಶತ್ರು ಬೂಷ್ಟು.

ತಿಪಟೂರು, ಅರಸೀಕೆರೆ ಉಂಡೆಕೊಬ್ಬರಿಗೆ ಹೆಸರಾದ ಸೀಮೆ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹರಡುತ್ತಾರೆ. ಎಂಟು ಹತ್ತು ತಿಂಗಳು, ಒಮ್ಮೊಮ್ಮೆ ಒಂದು ವರ್ಷ. ಒಳಗಿನ ನೀರು ಮೆಲ್ಲಗೆ ಇಂಗುತ್ತದೆ. ತಿರುಳು ಚಿಪ್ಪಿನಿಂದ ಬಿಡುತ್ತದೆ. ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ಆಡಿಸಿದರೆ ಗಡಗಡ ಎನ್ನುತ್ತದೆ. ಆಗ ಸುಲಿದು, ಚಿಪ್ಪು ಒಡೆದು, ಉಂಡೆ ತೆಗೆಯುತ್ತಾರೆ. ಒಳ್ಳೆಯ ಉಂಡೆಕೊಬ್ಬರಿಯಲ್ಲಿ ತೇವ ನೂರಕ್ಕೆ 7ರಷ್ಟು ಮಾತ್ರ. ಅಷ್ಟು ಒಣಗಿದ್ದರೆ ಬೂಷ್ಟು ಬರುವುದಿಲ್ಲ. ಚಿಪ್ಪು ಬಿರುಕುಬಿಟ್ಟ ಕಾಯಿ, ಹೆಂಚು ಸೋರಿ ನೆನೆದ ಮೂಲೆ, ಅರೆಒಣಗಿದಾಗಲೇ ಚೀಲಕ್ಕೆ ತುಂಬಿದ ಕೊಬ್ಬರಿ, ಇಲ್ಲಿ ಬೂಷ್ಟು ಹಿಡಿಯುತ್ತದೆ.

ಬೂಷ್ಟಿನಲ್ಲಿ ಕೆಲವು ಜಾತಿ ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಕಡಲೆಕಾಯಿ, ಮೆಕ್ಕೆಜೋಳ, ಕೊಬ್ಬರಿ, ಒಣಮೆಣಸಿನಕಾಯಿ, ಯಾವುದು ತೇವದಲ್ಲಿ ಉಳಿದರೂ ಇದು ಬರಬಹುದು. 1974ರಲ್ಲಿ ರಾಜಸ್ಥಾನ, ಗುಜರಾತಿನ ಗಡಿಯ ಹಳ್ಳಿಗಳಲ್ಲಿ ಮಳೆಗೆ ನೆನೆದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಕಾರಣ ಈ ವಿಷವೇ. ಇದು ಮುಖ್ಯವಾಗಿ ಹೊಡೆಯುವುದು ಲಿವರನ್ನು. ಲಿವರ್ ಕ್ಯಾನ್ಸರಿಗೂ ಇದು ಕಾರಣ. ಜಠರದ ಮಾತಿನಲ್ಲಿ ಇದನ್ನು ಯಾಕೆ ತಂದೆ ಎಂದರೆ, ದಾಸ್ತಾನು ಒಂದೇ, ಅಟ್ಟ ಒಂದೇ. ಅಟ್ಟ ಒಣಗಿದ್ದರೆ ಲಿವರೂ ಉಳಿಯುತ್ತದೆ.

ಒಂದು ಎಚ್ಚರಿಕೆ. ಕುದಿಸಿದರೆ, ಹುರಿದರೆ ಈ ವಿಷ ಪೂರ್ತಿ ಹೋಗುವುದಿಲ್ಲ. ಬೂಷ್ಟನ್ನು ಒರೆಸಿ, ಆ ಭಾಗ ಕೆತ್ತಿ ಚಟ್ನಿಗೆ ಹಾಕುವುದು ಬೇಡ. ಕೆಟ್ಟದ್ದನ್ನು ಗಾಣಕ್ಕೆ ಹಾಕಿ ಹಿಂಡಿಯನ್ನು ಹಸುವಿಗೆ ಇಡುವುದೂ ಬೇಡ. ಹಸು ತಿಂದ ವಿಷ ಹಾಲಿನಲ್ಲಿ ಬರುತ್ತದೆ. ಆ ಹಾಲು ಕುಡಿಯುವುದು ನಮ್ಮ ಮಕ್ಕಳು.

ಅಟ್ಟದ ಪಾಠ ಇಷ್ಟು. ಒಣಗಿದ್ದು ಕ್ಷೇಮ, ತೇವ ಹಿಡಿದದ್ದು ಅಪಾಯ. ಇದೇ ಪಾಠವನ್ನು ಹಗೇವು ಇನ್ನೂ ಚೆನ್ನಾಗಿ ಕಲಿಸುತ್ತದೆ.

ಹಗೇವು ನೋಡದ ಚಿಕ್ಕವರಿಗಾಗಿ ಹೇಳುತ್ತೇನೆ. ಗಟ್ಟಿನೆಲದಲ್ಲಿ ಅಗೆದ ಗುಂಡಿ ಅದು. ಬಾಯಿ ಕಿರಿದು, ಒಬ್ಬರು ಇಳಿಯುವಷ್ಟು. ಒಳಗೆ ಹೊಟ್ಟೆ ಅಗಲ. ತಳಕ್ಕೂ ಗೋಡೆಗೂ ಹುಲ್ಲು ಕೊಟ್ಟು, ಚೆನ್ನಾಗಿ ಒಣಗಿಸಿದ ರಾಗಿ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ರಾಗಿ ಒಳಗೆ ಉಸಿರಾಡಿ ಇದ್ದ ಆಮ್ಲಜನಕವನ್ನು ಮುಗಿಸುತ್ತದೆ. ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಆ ಗಾಳಿಯಲ್ಲಿ ಹುಳು ಬದುಕುವುದಿಲ್ಲ. ಮನುಷ್ಯರೂ ಬದುಕುವುದಿಲ್ಲ. ಅದಕ್ಕೇ ಹಗೇವು ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡುತ್ತಿದ್ದರು. ದೀಪ ಉರಿದರೆ ಇಳಿಯುತ್ತಿದ್ದರು. ಆರಿದರೆ ಇನ್ನೂ ಕಾಯುತ್ತಿದ್ದರು. ಹೀಗೆ ಇಟ್ಟ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬರಗಾಲದಲ್ಲಿ ಊರು ಕಾಯುತ್ತಿತ್ತು.

ಇದರಲ್ಲಿ ಉಪ್ಪಿಲ್ಲ. ಹೊಗೆ ಇಲ್ಲ. ತೇವ ಇಲ್ಲ. ಜಠರಕ್ಕೆ ಕೇಡು ಮಾಡುವ ಒಂದೂ ಇದರಲ್ಲಿಲ್ಲ. ಹಳೆಯ ರಾಗಿ ಎಂದು ಹೆದರುವವರು ಇದ್ದಾರೆ. ಹಳತಾದದ್ದರಿಂದ ಧಾನ್ಯ ವಿಷವಾಗುವುದಿಲ್ಲ. ಈಗ ಹಗೇವು ಹೋಗಿ ಡ್ರಮ್ಮು, ಚೀಲ ಬಂದಿವೆ. ಸೂತ್ರ ಮಾತ್ರ ಅದೇ. ಧಾನ್ಯವನ್ನು ಹಲ್ಲಿಗೆ ಹಾಕಿ ಕಡಿದಾಗ ಕಟಕ್ ಎನ್ನುವಷ್ಟು ಒಣಗಿಸಿ. ಚೀಲವನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆಯ ಮೇಲೆ ಇಡಿ. ಮುಚ್ಚಳ ಬಿಗಿಯಾಗಿರಲಿ.

ಇಲ್ಲಿಗೆ ಮೂರು ದಾಸ್ತಾನೂ ಆದವು. ಜಾಡಿಯದ್ದು ಮಿತವಾಗಿರಲಿ. ಅಟ್ಟದ್ದು ಒಣಗಿರಲಿ. ಹಗೇವಿನ ಬುದ್ಧಿ ಉಳಿಯಲಿ. ಇನ್ನು ಕೂಡಿಡಲು ಆಗದ ಆಹಾರದ, ಅಂದರೆ ತಾಜಾ ಹಣ್ಣು ತರಕಾರಿಯ ಮಾತು.

ಅಮೆರಿಕದಲ್ಲಿ 1930ರ ಸುಮಾರಿನಲ್ಲಿ ಗಂಡಸರನ್ನು ಅತಿ ಹೆಚ್ಚು ಕೊಲ್ಲುತ್ತಿದ್ದ ಕ್ಯಾನ್ಸರ್ ಜಠರದ್ದೇ. ಆಮೇಲೆ ಅದು ಇಳಿಯುತ್ತಾ ಬಂತು. ಯಾವ ಔಷಧಿಯಿಂದಲೂ ಅಲ್ಲ. ಮನೆಮನೆಗೆ ಫ್ರಿಜ್ ಬಂತು. ಉಪ್ಪಿನಲ್ಲಿ, ಹೊಗೆಯಲ್ಲಿ ಇಡುವ ಅಗತ್ಯ ತಪ್ಪಿತು. ಹಣ್ಣು, ತರಕಾರಿ ವರ್ಷವಿಡೀ ಸಿಗತೊಡಗಿದವು. ನೀರು, ನೈರ್ಮಲ್ಯ ಸುಧಾರಿಸಿ ಎಚ್ ಪೈಲೋರಿಯೂ ಕಡಿಮೆಯಾಯಿತು.

ತಾಜಾ ಹಣ್ಣು ತರಕಾರಿಯಲ್ಲಿರುವ ಸಿ ಜೀವಸತ್ವ ನೈಟ್ರೋಸಮೀನ್ ಹುಟ್ಟುವುದನ್ನು ತಡೆಯುತ್ತದೆ. ಅದಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಒಂದು ದೊಡ್ಡ ಸೀಬೆಹಣ್ಣಿನಲ್ಲಿ ಒಬ್ಬರಿಗೆ ದಿನಕ್ಕೆ ಬೇಕಾದ ಸಿ ಜೀವಸತ್ವ ಪೂರ್ತಿ ಸಿಗುತ್ತದೆ. ನೆಲ್ಲಿಕಾಯಿ ಇದೆ, ನಿಂಬೆ ಇದೆ. ಹೊಲದ ಬದುವಿನಲ್ಲಿ ಬೆರಕೆ ಸೊಪ್ಪು ಇದೆ, ಹಿತ್ತಲಲ್ಲಿ ನುಗ್ಗೆ ಇದೆ. ದಿನಕ್ಕೆ ಹಣ್ಣು ತರಕಾರಿ ಸೇರಿ 400 ಗ್ರಾಂ ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮುದ್ದೆಯ ಜೊತೆಗೆ ಸೊಪ್ಪು, ಕಾಳು ಬಡಿಸುವ ನಮ್ಮ ಊಟ ಆ ದಾರಿಯಲ್ಲೇ ಇದೆ.

ತಾಯಂದಿರಿಗೆ, ಅಜ್ಜಿಯರಿಗೆ ಒಂದು ಮಾತು. ಎಚ್ ಪೈಲೋರಿ ಸಾಮಾನ್ಯವಾಗಿ ಹತ್ತುವುದು ಚಿಕ್ಕಂದಿನಲ್ಲಿ, ಮನೆಯವರಿಂದಲೇ. ಮಗುವಿಗೆ ಅಗಿದು ತಿನ್ನಿಸಬೇಡಿ. ಕೈ ತೊಳೆದು ತುತ್ತು ಮಾಡಿ. ಕುಡಿಯುವ ನೀರು ಶುದ್ಧವಾಗಿರಲಿ.

ಬೀಡಿ, ಸಿಗರೇಟು ಸೇದುವವರೇ, ಹೊಗೆ ಎದೆಗೆ ಮಾತ್ರ ಕೇಡು ಎಂದುಕೊಳ್ಳಬೇಡಿ. ಜಠರದ ಕ್ಯಾನ್ಸರಿಗೂ ಅದು ಕಾರಣ. ಉಪ್ಪು ಬಿಟ್ಟು ಬೀಡಿ ಉಳಿಸಿಕೊಂಡರೆ ಅರ್ಧ ಕೆಲಸವೂ ಆಗುವುದಿಲ್ಲ.

ಕೊನೆಯದಾಗಿ, ನಾನು ತುಂಬ ಕಳವಳದಿಂದ ಹೇಳುವ ಮಾತು. ಹೊಟ್ಟೆ ಉರಿದರೆ, ಉಬ್ಬರಿಸಿದರೆ ನಾವು ಗ್ಯಾಸ್ಟ್ರಿಕ್ ಎನ್ನುತ್ತೇವೆ. ಔಷಧಿ ಅಂಗಡಿಗೆ ಹೋಗಿ ಒಂದು ಗುಳಿಗೆ ತಂದು ನುಂಗುತ್ತೇವೆ. ಆಮ್ಲ ತಗ್ಗುತ್ತದೆ, ಉರಿ ನಿಲ್ಲುತ್ತದೆ. ಒಳಗೆ ಹುಣ್ಣು ಇದ್ದರೆ, ಕ್ಯಾನ್ಸರಿನ ಮೊದಲ ಗುರುತು ಇದ್ದರೆ, ಅದು ಮುಚ್ಚಿಹೋಗುತ್ತದೆ. ಹೀಗೆ ತಿಂಗಳು, ವರ್ಷ ಕಳೆಯುತ್ತದೆ. ನಮ್ಮಲ್ಲಿ ಬಹಳಷ್ಟು ರೋಗಿಗಳು ಕಾಯಿಲೆ ಬಲಿತ ಮೇಲೆ ಆಸ್ಪತ್ರೆಗೆ ಬರುವುದಕ್ಕೆ ಇದೂ ಒಂದು ಕಾರಣ. ಜಪಾನಿನಲ್ಲಿ ಕಾಯಿಲೆ ಒಳಪದರದಲ್ಲೇ ಇರುವಾಗ ಪತ್ತೆಯಾದವರಲ್ಲಿ 10ಕ್ಕೆ 9 ಜನ ಐದು ವರ್ಷ ದಾಟಿ ಬದುಕುತ್ತಾರೆ.

ಈ ಗುರುತುಗಳನ್ನು ನೆನಪಿಡಿ. ಸ್ವಲ್ಪ ತಿಂದರೂ ಹೊಟ್ಟೆ ತುಂಬಿದ ಹಾಗಾಗುವುದು. ಕಾರಣವಿಲ್ಲದೆ ತೂಕ ಇಳಿಯುವುದು. ಮಲ ಡಾಂಬರಿನ ಬಣ್ಣಕ್ಕೆ ತಿರುಗುವುದು. ವಾಂತಿಯಲ್ಲಿ ರಕ್ತ. ನುಂಗಲು ಕಷ್ಟ. ರಕ್ತ ಕಡಿಮೆಯಾಗಿ ಸುಸ್ತು. ಇದರಲ್ಲಿ ಒಂದಿದ್ದರೂ ತಡಮಾಡಬೇಡಿ. 50 ದಾಟಿದವರಿಗೆ ಹೊಟ್ಟೆನೋವು, ಅಜೀರ್ಣ ಹೊಸದಾಗಿ ಶುರುವಾಗಿ ಎರಡು ಮೂರು ವಾರ ನಿಂತರೂ ತೋರಿಸಿ. ಮನೆಯಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಬಂದಿದ್ದರೆ ವೈದ್ಯರಿಗೆ ಅದನ್ನು ಮೊದಲೇ ಹೇಳಿ.

ಎಲ್ಲಿ ತೋರಿಸಬೇಕು? ಅರಸೀಕೆರೆಯಲ್ಲಿ, ಬೇಲೂರಿನಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ಹಾಸನದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆ ಇದೆ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಇದೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವು ಇದೆ. ಎಂಡೋಸ್ಕೋಪಿ ಎಂದರೆ ಹೆದರಬೇಡಿ. ಬಾಯಿಯ ಮೂಲಕ ತೆಳುವಾದ ನಳಿಕೆ ಇಳಿಸಿ, ತುದಿಯ ಕ್ಯಾಮೆರಾದಿಂದ ಜಠರದ ಒಳಗೋಡೆ ನೋಡುತ್ತಾರೆ. ಕೆಲವೇ ನಿಮಿಷದ ಕೆಲಸ. ಎಚ್ ಪೈಲೋರಿ ಇದೆ ಎಂದು ಗೊತ್ತಾದರೆ ಸುಮಾರು ಎರಡು ವಾರದ ಔಷಧಿ. ಉರಿ ನಿಂತಿತೆಂದು ನಡುವೆ ಬಿಡದೆ ಪೂರ್ತಿ ತೆಗೆದುಕೊಳ್ಳಿ.

ಹೊರಡುವ ಮುನ್ನ ಎಲ್ಲವನ್ನೂ ಒಟ್ಟುಮಾಡಿ ಹೇಳುತ್ತೇನೆ. ಉಪ್ಪಿನಲ್ಲಿಟ್ಟದ್ದನ್ನು, ಹೊಗೆಯಲ್ಲಿಟ್ಟದ್ದನ್ನು ಕಡಿಮೆ ಮಾಡಿ. ಬೂಷ್ಟು ಹಿಡಿದದ್ದನ್ನು ಎಸೆಯಿರಿ. ಒಣಧಾನ್ಯವನ್ನು ನಿಶ್ಚಿಂತೆಯಿಂದ ತಿನ್ನಿ. ದಿನಾ ಒಂದು ತಾಜಾ ಹಣ್ಣು, ಒಂದು ಸೊಪ್ಪು ಇರಲಿ. ತಂಬಾಕು ಬಿಡಿ. ತಿಂಗಳುಗಟ್ಟಲೆ ಗ್ಯಾಸ್ಟ್ರಿಕ್ ಗುಳಿಗೆ ನುಂಗುತ್ತಿರುವವರು ನಿಮ್ಮ ಮನೆಯಲ್ಲಿದ್ದರೆ, ಈ ವಾರವೇ ಅವರನ್ನು ಕರೆದುಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋಗಿ.